ಸ್ಪ್ರಿಂಗ್ ಪೆಟ್ಟಿಗೆಗೆ ಇಟ್ಟ ಗುರುತು

ನನಗೆ ಯಾರನ್ನೂ ಸುಲಭಕ್ಕೆ ನಂಬಿ ಅಭ್ಯಾಸವಿಲ್ಲ. ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು, ಪರೀಕ್ಷೆಯ ದಿನ ಮಕ್ಕಳ ಅಂಗಿ ತೋಳು, ಕಂಪಾಸ್ ಬಾಕ್ಸು, ಅಂಗೈ ಎಲ್ಲವನ್ನೂ ತಡಕಿದವನಿಗೆ ಬೇರೆ ಯಾವ ಗುಣ ಬಂದೀತು? ಅಂಗಡಿಯವನು ಪ್ರೀತಿಯಿಂದ ಒಂದು ಚಾಕಲೇಟು ಹೆಚ್ಚಿಗೆ ಕೊಟ್ಟರೂ ನಾನು ಕವರ್ ತಿರುಗಿಸಿ ತಾರೀಖು ನೋಡುತ್ತೇನೆ ಎಂದು ಹೆಂಡತಿ ಆಡಿಕೊಳ್ಳುತ್ತಾಳೆ. ನೋಡುತ್ತೇನೆ, ಹೌದು. ಎರಡು ಸಲ ತಾರೀಖು ಮುಗಿದದ್ದೂ ಸಿಕ್ಕಿದೆ.

ಇದರಲ್ಲಿ ಅರ್ಧ ಅಪ್ಪನಿಂದ ಬಂದದ್ದು. ನಮ್ಮದು ಉಬ್ರಾಣಿ ಕಡೆಯ ಹಳ್ಳಿ. ಬೋರಿನ ಮೋಟಾರು ಸುಟ್ಟರೆ ವೈಂಡಿಂಗಿಗೆ ಕೊಡಬೇಕು, ಅಂದರೆ ಒಳಗಿನ ಸುಟ್ಟ ತಾಮ್ರದ ತಂತಿ ತೆಗೆಸಿ ಹೊಸದನ್ನು ಸುತ್ತಿಸಬೇಕು. ನಮ್ಮೂರಲ್ಲಿ ಯಾರೂ ಮೋಟಾರನ್ನು ಹಾಗೇ ಕೊಂಡೊಯ್ದು ಕೊಡುವುದಿಲ್ಲ. ಮೊದಲು ಅಂಗಳದಲ್ಲಿ ಮಲಗಿಸಿ, ತಟ್ಟನೆ ಕಣ್ಣಿಗೆ ಬೀಳದ ಕಡೆ ಉಳಿಯಿಂದ ಗೀರು ಹಾಕುತ್ತಾರೆ. ಅಪ್ಪನದು ಮೂರು ಗೀರು. ವಾಪಸ್ ಬಂದಾಗ ಗೀರು ಇದ್ದರೆ ಮೋಟಾರು ನಮ್ಮದು, ಇಲ್ಲದಿದ್ದರೆ ಜಗಳ. ಅಂಗಡಿಯವನಿಗೂ ಅದು ಗೊತ್ತಿರುತ್ತದೆ. ಅವನು ಗುರುತನ್ನು ಉಜ್ಜುವುದಿಲ್ಲ, ಅದರ ಮೇಲೆ ಬಣ್ಣ ಬಳಿಯುವುದಿಲ್ಲ. ಗುರುತಿಗೆ ಕೈ ಹಚ್ಚಿದ ಅಂದರೆ ಕದ್ದ ಅಂತಲೇ ಲೆಕ್ಕ. ಇದನ್ನು ಯಾರೂ ಯಾರಿಗೂ ಬಾಯಿಬಿಟ್ಟು ಹೇಳಿದ್ದಿಲ್ಲ, ಎಲ್ಲರೂ ಪಾಲಿಸುತ್ತಾರೆ.

ನಾನು ಮೋಟಾರಿನ ಸಹವಾಸ ಬಿಟ್ಟು ಚನ್ನಗಿರಿಗೆ ಬಂದು ಮೇಷ್ಟ್ರಾದೆ. ಜೊತೆಗೆ ಗಿಟಾರಿನ ಹುಚ್ಚು ಹಿಡಿಯಿತು. ರಜಾ ದಿನ ನಮ್ಮ ಕಡೆಯ ಆರ್ಕೆಸ್ಟ್ರಾದಲ್ಲಿ ನುಡಿಸುತ್ತೇನೆ. ಮದುವೆ ಆರತಕ್ಷತೆ, ನಾಮಕರಣ, ಯಾರದೋ ನಿವೃತ್ತಿ ಸಮಾರಂಭ. ನಾಲ್ಕು ವರ್ಷದ ಹಿಂದೆ ಆರ್ಕೆಸ್ಟ್ರಾ ಬಿಟ್ಟ ಒಬ್ಬ ಹಿರಿಯ ಕಲಾವಿದರಿಂದ ಹಳೆಯ ಗಿಟಾರ್ ಆಂಪ್ಲಿಫೈಯರ್ ಕೊಂಡೆ. ಒಳ್ಳೆ ಟ್ರಂಕಿನಷ್ಟು ದೊಡ್ಡದು, ಇಬ್ಬರು ಎತ್ತಬೇಕು. ಅದನ್ನು ಕೊಂಡದ್ದೇ ಅದರ ರಿವರ್ಬಿಗೋಸ್ಕರ. ಖಾಲಿ ಕ್ಲಾಸ್‌ರೂಮಿನಲ್ಲಿ ಗಟ್ಟಿಯಾಗಿ ಮಾತಾಡಿದರೆ ಮಾತು ಮುಗಿದ ಮೇಲೂ ಒಂದು ಗುಂಯ್ ಉಳಿಯುತ್ತದಲ್ಲ, ಅದು. ಈಗಿನ ಮಷೀನುಗಳಲ್ಲಿ ಅದನ್ನು ಎಲೆಕ್ಟ್ರಾನಿಕ್ ಚಿಪ್‌ನಿಂದ ಮಾಡುತ್ತಾರೆ. ನನ್ನದರಲ್ಲಿ ನಿಜವಾದ ಸ್ಪ್ರಿಂಗುಗಳಿದ್ದವು. ತಳದಲ್ಲಿ ಒಂದು ತಗಡಿನ ಉದ್ದನೆ ಪೆಟ್ಟಿಗೆ, ಒಳಗೆ ಮೂರು ಸಣ್ಣ ಸ್ಪ್ರಿಂಗು. ಒಂದು ವೈರಿನಲ್ಲಿ ನಾದ ಒಳಗೆ ಹೋಗಿ, ಸ್ಪ್ರಿಂಗನ್ನು ನಡುಗಿಸಿ, ಇನ್ನೊಂದು ವೈರಿನಲ್ಲಿ ಬಾಲ ಬೆಳೆಸಿಕೊಂಡು ಈಚೆ ಬರುತ್ತದೆ. ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿದರೆ ಸ್ಪೀಕರಿನಲ್ಲಿ ಗುಡುಗು. ನನ್ನ ಕೈ ಅಷ್ಟೇನೂ ತಯಾರಿಯದ್ದಲ್ಲ. ಆ ಬಾಲ ಇದ್ದುದರಿಂದಲೇ ನಾನು ಕಲಾವಿದ ಅನ್ನಿಸಿಕೊಂಡಿದ್ದೆ.

ಎರಡು ವರ್ಷದ ಹಿಂದೆ ಆಂಪ್ಲಿಫೈಯರಿನ ವಾಲ್ಯೂಮ್ ತಿರುಗಿಸಿದಾಗ ಕಡಲೆ ಹುರಿದಂತೆ ಚಟಪಟ ಶುರುವಾಯಿತು. ಹೊನ್ನಾಳಿಯಲ್ಲಿ ಒಬ್ಬರು ಚೆನ್ನಾಗಿ ಮಾಡುತ್ತಾರೆ ಎಂದು ಆರ್ಕೆಸ್ಟ್ರಾದವರು ಹೇಳಿದರು. ಐವತ್ತೈದರ ಆಸುಪಾಸಿನ ಮನುಷ್ಯ. ಸುತ್ತಲ ಮೈಕ್‌ಸೆಟ್‌ನವರೆಲ್ಲ ಅವರ ಹತ್ತಿರವೇ ಹೋಗುತ್ತಾರೆ ಎಂದರು. ಎಲ್ಲರೂ ಹೊಗಳಿದಾಗ ನನಗೆ ಮೊದಲು ಹುಟ್ಟುವುದೇ ಅನುಮಾನ. ಹಳೆಯ ಕಾಲದ ಸ್ಪ್ರಿಂಗ್ ಪೆಟ್ಟಿಗೆ, ಈಗ ಸಿಗುವುದಿಲ್ಲ. ತೆಗೆದಿಟ್ಟುಕೊಂಡು ಯಾವುದೋ ಡಬ್ಬ ಹಾಕಿಕೊಟ್ಟರೆ ಕೇಳುವವರು ಯಾರು?

ಕೊಡುವ ಹಿಂದಿನ ಭಾನುವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಹಿಂದಿನ ಹಲಗೆ ಬಿಚ್ಚಿದೆ. ಉಳಿ ಹಾಕುವ ಸಾಮಾನಲ್ಲ ಅದು. ಹೆಂಡತಿಯ ಗುಲಾಬಿ ನೇಲ್ ಪಾಲಿಶ್ ತಂದು ಒಂಬತ್ತು ಕಡೆ ಗುರುತಿಟ್ಟೆ. ಸ್ಪೀಕರಿಗೆ, ಟ್ರಾನ್ಸ್‌ಫಾರ್ಮರಿಗೆ, ದೊಡ್ಡ ಕೆಪಾಸಿಟರುಗಳಿಗೆ, ಸ್ಪ್ರಿಂಗ್ ಪೆಟ್ಟಿಗೆಯ ಮೂಲೆಗೆ. ಅದೂ ಸಾಲದೆನಿಸಿ, ಪೆಟ್ಟಿಗೆಯಿಂದ ನಾದ ಈಚೆ ತರುವ ವೈರಿನ ಪಿನ್ನನ್ನು ಕಿತ್ತು ಅದಕ್ಕೂ ಬಣ್ಣ ಮುಟ್ಟಿಸಿ ಮತ್ತೆ ಸಿಕ್ಕಿಸಿದೆ. ಮೇಲೆ ಪಿನ್ನು ಮತ್ತು ಸಾಕೆಟ್ಟು ಕೂಡುವ ಜಾಗಕ್ಕೆ ಅಡ್ಡಲಾಗಿ ಒಂದು ಗೆರೆ ಎಳೆದೆ. ಬಿಚ್ಚಿದರೆ ಗೆರೆ ಒಡೆಯಬೇಕು, ಹಾಗೆ. ಪ್ರಶ್ನೆಪತ್ರಿಕೆಯ ಲಕೋಟೆಗೆ ಅರಗು ಹಾಕಿದಷ್ಟು ಸಮಾಧಾನವಾಯಿತು. ಹೇಗೂ ಚಟಪಟ ಅನ್ನುವ ಮಷೀನು, ಹಾಕಿ ನೋಡುವುದು ಏನಿದೆ ಎಂದು ಹಲಗೆ ಮುಚ್ಚಿಬಿಟ್ಟೆ.

ಮರುದಿನ ಬಸವಾಪಟ್ಟಣದ ಮೇಲೆ ಹೋಗುವ ಬಸ್ಸಿಗೆ ಹೇರಿಕೊಂಡು ಹೊನ್ನಾಳಿಗೆ ಒಯ್ದು ಕೊಟ್ಟೆ. ನಾಲ್ಕು ದಿನ ಬಿಟ್ಟು ಬನ್ನಿ ಎಂದರು. ಹೋದೆ. ವಾಲ್ಯೂಮ್ ಬೆಣ್ಣೆಯ ಹಾಗೆ ತಿರುಗುತ್ತಿತ್ತು. ಆದರೆ ಅವರು ಒರೆಸುವ ಬಟ್ಟೆಯನ್ನು ಕೈಯಲ್ಲಿ ಮಡಚುತ್ತ ನಿಂತಿದ್ದರು.

"ಮೇಷ್ಟ್ರೆ, ರಿವರ್ಬ್ ಬರಾಕತ್ತಿಲ್ಲ. ಅದು ಮೊದ್ಲಿಂದ ಹಂಗೇ ಇತ್ತಾ?"

"ಚೆನ್ನಾಗಿತ್ತು!" ಎಂದೆ. "ಅದಕ್ಕೇನಾಗಿತ್ತು?"

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ಆ ಕಡೆ ನಾನು ಕೈ ಹಾಕಿಲ್ರೀ. ನೀವು ಬರ್ಲಿ ಅಂತ ಬಿಟ್ಟೆ" ಎಂದರು.

ನೋಡಿ, ನಾನು ಕೇಳುವ ಮೊದಲೇ ಕೈ ಹಾಕಿಲ್ಲ ಎಂದು ಹೇಳುವುದು. ಕ್ಲಾಸಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ 'ನಾನಲ್ಲ ಸಾರ್' ಅನ್ನುವ ಹುಡುಗನನ್ನು ಎಷ್ಟು ಸಲ ಹಿಡಿದಿಲ್ಲ? ಬಿಚ್ಚಿ ನೋಡಲಾ ಎಂದು ಅವರು ಕೇಳಿದರು. ಬೇಡ ಎಂದೆ. ಇನ್ನೂ ಏನೇನು ತೆಗೆಯುತ್ತಾರೋ!

ಮನೆಗೆ ಬಂದವನೇ ಹಲಗೆ ಬಿಚ್ಚಿದೆ. ಒಂಬತ್ತೂ ಗುರುತು ಇಟ್ಟಲ್ಲೇ ಇದ್ದವು, ಪಿನ್ನಿನ ಮೇಲಿನ ಗೆರೆಯೂ ಒಡೆದಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಸುಮ್ಮನಾಗುತ್ತಿದ್ದರು. ನಾನು ಬ್ಯಾಟರಿ ಹಿಡಿದು ಕೂತೆ. ಪೆಟ್ಟಿಗೆಯ ಮೂಲೆಯ ಚುಕ್ಕೆ ನಾನು ಇಟ್ಟದ್ದಕ್ಕಿಂತ ಚೂರು ದಪ್ಪ ಕಂಡಿತು. ಹೆಂಡತಿಯನ್ನು ಕರೆದು ಇದು ನಿನ್ನದೇ ಬಣ್ಣವಾ ನೋಡು ಎಂದೆ.

"ಅದೇ ಬಣ್ಣ ರೀ" ಎಂದಳು. "ಯಾವ ಫ್ಯಾನ್ಸಿ ಸ್ಟೋರಿಗೆ ಹೋದ್ರೂ ಸಿಗುತ್ತೆ."

ಅಷ್ಟು ಸಾಕಾಯಿತು. ಯಾವ ಸ್ಟೋರಿನಲ್ಲಾದರೂ ಸಿಗುತ್ತದೆ ಅಂದಮೇಲೆ ಹೊನ್ನಾಳಿಯಲ್ಲಿ ಸಿಗುವುದಿಲ್ಲವೇ? ಪೆಟ್ಟಿಗೆ ಬದಲಾಯಿಸಿ, ಹೊಸದರ ಮೇಲೆ ನನ್ನದೇ ಗುರುತು ನಕಲು ಮಾಡಿದ್ದಾರೆ. ತಟ್ಟಿದರೆ ಗುಡುಗಿಲ್ಲ. ಒಳಗೆ ಇರುವುದು ಯಾವುದೋ ಸತ್ತ ಸ್ಪ್ರಿಂಗು. ಗುರುತು ಇಲ್ಲದಿದ್ದರೆ ಕದ್ದರು, ಇದ್ದರೆ ಜಾಣತನದಿಂದ ಕದ್ದರು. ನನ್ನ ಲೆಕ್ಕದಲ್ಲಿ ಅವರು ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ. ಗಣಿತದ ಮೇಷ್ಟ್ರ ಲೆಕ್ಕ ಅದು.

ಮುಂದಿನ ತಿಂಗಳು ನ್ಯಾಮತಿಯಲ್ಲಿ ಒಂದು ಆರತಕ್ಷತೆ ಇತ್ತು. ಗಿಟಾರು ಬೋಳು ಬೋಳಾಗಿ ಕೇಳುತ್ತಿತ್ತು. ಸೀರೆ ಉಟ್ಟು ಸಾಲಾಗಿ ಕೂತ ನೆಂಟರಿಗೂ ತಿಳಿಯುವಷ್ಟು ಸ್ಪಷ್ಟ, ನನ್ನ ತಪ್ಪುಗಳೆಲ್ಲ. ಅಲ್ಲಿ ಮೈಕು, ಶಾಮಿಯಾನ ಹಾಕುವವರು ನನಗೆ ಪರಿಚಯ. ಸವಳಂಗದಿಂದ ಈಚೆಗೆ ಎಲ್ಲಿ ಕಾರ್ಯಕ್ರಮವಿದ್ದರೂ ಅವರದೇ ಸೆಟ್ಟು. ಅವರ ಹನ್ನೆರಡು ಆಂಪ್ಲಿಫೈಯರುಗಳೂ ವರ್ಷಾ ವರ್ಷ ಹೊನ್ನಾಳಿಗೇ ಹೋಗುತ್ತಿದ್ದವು. ಊಟದ ಪಂಕ್ತಿಯಲ್ಲಿ ಪಕ್ಕ ಕೂತು, "ಏನ್ರಿ ಮೇಷ್ಟ್ರೆ, ಇವತ್ತು ನಿಮ್ ಗಿಟಾರು ಸಪ್ಪಗೈತೆ?" ಎಂದರು.

ನಾನು ಕದ್ದರು ಎಂಬ ಮಾತು ಆಡಲಿಲ್ಲ. ಆ ಮಟ್ಟಿಗೆ ನಾನು ಬುದ್ಧಿವಂತ. "ಹೊನ್ನಾಳಿಗೆ ಕೊಟ್ಟಿದ್ದೆ" ಎಂದೆ. ಪಾಯಸ ಸುರಿದುಕೊಂಡು, "ನಿಮ್ಮ ಸೆಟ್ಟುಗಳ ಒಳಗೂ ಒಂದ್ಸಲ ಬಿಚ್ಚಿ ನೋಡ್ಕೊಂಡರೆ ಒಳ್ಳೇದು" ಎಂದೆ.

"ಹಂಗಾ?" ಎಂದರು ಅವರು. ಮತ್ತೆ ಕೇಳಲಿಲ್ಲ. ಆ ಸಲ ಅವರ ಹನ್ನೆರಡೂ ಸೆಟ್ಟು ದಾವಣಗೆರೆಗೆ ಹೋದವು ಎಂದು ಆಮೇಲೆ ಗೊತ್ತಾಯಿತು. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಒಬ್ಬ ಕಳ್ಳನನ್ನು ಹಿಡಿದ ಖುಷಿಯೇ ಆಯಿತು.

ಒಂದೂವರೆ ವರ್ಷ ಬೋಳು ಗಿಟಾರಿನಲ್ಲೇ ಕಾಲ ಹಾಕಿದೆ. ದಾವಣಗೆರೆಯಲ್ಲಿ ತೋರಿಸಬಹುದಿತ್ತು, ಆದರೆ ರಿಪೇರಿಯವರೆಲ್ಲ ಒಳಗೊಳಗೆ ಒಂದೇ, ಒಬ್ಬರನ್ನು ಇನ್ನೊಬ್ಬರು ಬಿಟ್ಟುಕೊಡುವುದಿಲ್ಲ ಎಂದು ನನ್ನ ವಾದ. ಹೊನ್ನಾಳಿಯ ಗಾಳಿಯೇ ಸೋಕದವರು ಬೇಕಿತ್ತು. ಹೋದ ಬೇಸಿಗೆ ರಜೆಯಲ್ಲಿ ಜಗಳೂರಿನ ತಂಗಿ ಮನೆಗೆ ಹೋದಾಗ, ಅಲ್ಲಿ ಒಬ್ಬ ಹೆಣ್ಣುಮಗಳು ಟೀವಿ, ಮೈಕು ರಿಪೇರಿ ಮಾಡುವುದು ತಿಳಿಯಿತು. ನಲವತ್ತರ ಹತ್ತಿರದವರು, ಸುತ್ತಲ ಹಳ್ಳಿಗಳ ಭಜನೆ ಮನೆಗಳ ಮೈಕೆಲ್ಲ ಅವರದೇ ಕೈಯಲ್ಲಿ. ಊರಿಗೆ ಬಂದು ಆಂಪ್ಲಿಫೈಯರ್ ಒಯ್ದು ಅವರ ಮುಂದಿಟ್ಟೆ. ಈ ಸಲ ಗುರುತು ಗಿರುತು ಏನೂ ಇಲ್ಲ, ಸ್ಟೂಲು ಎಳೆದುಕೊಂಡು ಎದುರಿಗೇ ಕೂತೆ. ಕಣ್ಣು ಮಿಟುಕಿಸಬಾರದು ಎಂದುಕೊಂಡೆ.

ಆಕೆ ರಿವರ್ಬಿನ ಗುಂಡಿ ಪೂರ್ತಿ ತಿರುಗಿಸಿ ಪೆಟ್ಟಿಗೆ ತಟ್ಟಿದರು. ಗುಡುಗಿಲ್ಲ. ನಾದ ಈಚೆ ತರುವ ವೈರನ್ನು ಆಂಪ್ಲಿಫೈಯರಿನ ಕಡೆಯಿಂದ ಕಿತ್ತು, ಆ ತೂತಿಗೆ ಸ್ಕ್ರೂಡ್ರೈವರಿನ ತುದಿ ಮುಟ್ಟಿಸಿದರು. ಸ್ಪೀಕರು ಬುರ್ರೆಂದಿತು. "ಇಲ್ಲಿಂದ ಮುಂದಕ್ಕೆಲ್ಲ ಚೆನ್ನಾಗೈತೆ ಸರ್" ಎಂದರು. ಕೈಯಲ್ಲಿದ್ದ ವೈರಿನ ತುದಿಗೆ ಮೀಟರು ಹಿಡಿದರು. ಮುಳ್ಳು ಅಲುಗಲಿಲ್ಲ.

"ಅಂದ್ರೆ ಪೆಟ್ಟಿಗೆನೇ ಸತ್ತಿದೆ!" ಎಂದೆ. ನನ್ನ ದನಿ ಸಂತೋಷದಿಂದ ಏರಿತ್ತು. "ಬದಲಾಯಿಸಿದಾನೆ. ನನಗೆ ಮೊದಲೇ ಗೊತ್ತಿತ್ತು."

"ತಡೀರಿ ಸರ್" ಎಂದು ಆಕೆ ಪೆಟ್ಟಿಗೆಯ ಕಡೆಯ ಪಿನ್ನು ಎಳೆದರು. ಬರಲಿಲ್ಲ. ತಿರುಚಿ ಎಳೆದರು. ಟಕ್ಕೆಂದು ಬಂತು, ಜೊತೆಗೆ ಗುಲಾಬಿ ಚಕ್ಕೆ ಆಕೆಯ ಮಡಿಲಿಗೆ ಉದುರಿದವು. ಈಗ ಮೀಟರನ್ನು ನೇರವಾಗಿ ಪೆಟ್ಟಿಗೆಗೇ ಹಿಡಿದರು. ಮುಳ್ಳು ಎದ್ದು ನಿಂತಿತು.

"ಪೆಟ್ಟಿಗೆ ಗಟ್ಟಿಮುಟ್ಟಾಗೈತೆ. ಮೊದ್ಲಿಂದ ಇರೋದು ಇದೇ, ನೋಡ್ರಿ, ತುಕ್ಕು ಹಿಡಿದು ಸ್ಕ್ರೂ ಅಲ್ಲೇ ಕೂತದಾವೆ, ಯಾರೂ ಬಿಚ್ಚೇ ಇಲ್ಲ" ಎಂದರು. ಪಿನ್ನನ್ನು ಬೆಳಕಿಗೆ ಹಿಡಿದು ಬ್ಲೇಡಿನಿಂದ ಕೆರೆದರು. "ಇದೇನ್ರಿ ಇದು, ಉಗುರಿಗೆ ಹಚ್ಚೋ ಪಾಲಿಶು! ಹಸಿ ಇದ್ದಂಗೇ ಒಳಗೆ ತಳ್ಳಿ ಬಿಟ್ಟದಾರೆ. ಸುತ್ತ ಒಣಗಿ ಪೊರೆ ಕಟ್ಟೈತೆ, ಕರೆಂಟು ಹೆಂಗೆ ದಾಟ್ಬೇಕು? ಯಾವ ಪುಣ್ಯಾತ್ಮ ಮಾಡಿದ್ದು ಇದನ್ನ?"

ಆಕೆ ನಗುತ್ತಿದ್ದರು. ಕೆರೆದು, ಒರೆಸಿ, ಸಿಕ್ಕಿಸಿ, ಪೆಟ್ಟಿಗೆ ತಟ್ಟಿದರು. ಜಗಳೂರಿನ ಆ ಸಣ್ಣ ಅಂಗಡಿಯ ತಗಡೆಲ್ಲ ಅದುರುವಂತೆ ಗುಡುಗಿತು. ಒಂದೂವರೆ ವರ್ಷ ಕಾದ ಸದ್ದು. ಹೆಸರು ಕೇಳುತ್ತಿದ್ದಾರಲ್ಲ, ಹೇಳಿಬಿಡಬೇಕಿತ್ತು. "ಯಾರೋ ಗೊತ್ತಿಲ್ಲ" ಎಂದೆ.

ಮೂರು ವಾರ ಸುಮ್ಮನಿದ್ದೆ. ಮನೆಯಲ್ಲಿ ಗಿಟಾರಿಗೆ ಬಾಲ ಬಂದಿತ್ತು, ನಾನೇ ರಿವರ್ಬಿನ ಗುಂಡಿ ಸೊನ್ನೆಗೆ ತಿರುಗಿಸಿ ನುಡಿಸುತ್ತಿದ್ದೆ. ಮಕ್ಕಳು ಕಾಪಿ ಹೊಡೆದರೆಂದು ಸುಳ್ಳೇ ಹಿಡಿದುಬಿಟ್ಟಿದ್ದೇನಾ ಎಂದು ಹಳೆಯ ಮುಖಗಳೆಲ್ಲ ನೆನಪಾಗತೊಡಗಿದವು. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂಬುದೂ ಗೊತ್ತಿತ್ತು. ಕೊನೆಗೆ ನಾಚಿಕೆ ತಡೆಯಲಾರದೆ ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಹೊನ್ನಾಳಿಗೆ ಹೋದೆ.

ಅಂಗಡಿಯಲ್ಲಿ ಮೊದಲು ಮೈಕ್‌ಸೆಟ್ಟುಗಳನ್ನು ಪೇರಿಸಿಡುತ್ತಿದ್ದ ಗೋಡೆಯ ಹಲಗೆಗಳ ಮೇಲೆ ನಾಲ್ಕೈದು ಮಿಕ್ಸಿ, ಒಂದು ಇಸ್ತ್ರಿಪೆಟ್ಟಿಗೆ ಇದ್ದವು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ನೇಲ್ ಪಾಲಿಶ್ ಹಚ್ಚಿದ್ದು, ಅನುಮಾನ ಪಟ್ಟದ್ದು, ನ್ಯಾಮತಿಯಲ್ಲಿ ಪಾಯಸ ಸುರಿಯುತ್ತ ಆಡಿದ ಮಾತು. ಅವರು ಮಿಕ್ಸಿಯ ಮೋಟಾರಿಗೆ ಹೊಸ ಕಾರ್ಬನ್ ತುಂಡು ಕೂರಿಸುತ್ತಲೇ ಕೇಳಿದರು.

"ಪಾಲಿಶು ಅವತ್ತೇ ಕಂಡಿತ್ತು ಮೇಷ್ಟ್ರೆ" ಎಂದರು.

"ಕಂಡಿತ್ತಾ? ಮತ್ತೆ ಹೇಳಬಾರದಿತ್ತಾ ಯಜಮಾನ್ರೆ? ಒರೆಸಿ ಹಾಕಿದ್ದರೆ ಆಗ್ತಿತ್ತಲ್ಲ!"

ಅವರು ಮಿಕ್ಸಿ ಕೆಳಗಿಟ್ಟರು. "ಗುರುತು ಅದು. ಒಂದಲ್ಲ, ಒಂಬತ್ತು. ನನ್ನ ಮೇಲೆ ನಂಬಿಕಿ ಇಲ್ಲ ಅಂತ ಒಂಬತ್ತು ಕಡೆ ಬರ್ದು ಕೊಟ್ಟಂಗೆ ಇತ್ತು. ಆ ಪಿನ್ನೇ ಕೆಟ್ಟಿರೋದು ಅಂತ ನಂಗೆ ಡೌಟು ಇತ್ತು. ಕಿತ್ತು ಒರೆಸಾಕೆ ಎರಡು ನಿಮಿಷ ಸಾಕು. ಆದ್ರೆ ಗುರುತು ಒಡೆದ್ಮೇಲೆ ನೀವು ಏನಂತಿದ್ರಿ?"

ಏನನ್ನುತ್ತಿದ್ದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗುರುತು ಒಡೆದಿದೆ, ಕದ್ದಿದ್ದಾರೆ ಎನ್ನುತ್ತಿದ್ದೆ. ಒಡೆಯಲಿಲ್ಲ, ಆಗಲೂ ಅದನ್ನೇ ಎಂದೆ. ಆ ಮನುಷ್ಯ ಮರ್ಯಾದೆಗೆ ಹೆದರಿ ನನ್ನ ತಪ್ಪನ್ನು ನನಗೇ ಹಿಂತಿರುಗಿಸಿ ಕೊಟ್ಟಿದ್ದರು, ಬಿಚ್ಚಲಾ ಎಂದು ಕೇಳಿಯೂ ಇದ್ದರು. ಕೇಳಿದ್ದನ್ನೇ ನಾನು ಕಳ್ಳತನದ ಸಾಕ್ಷಿ ಮಾಡಿಕೊಂಡೆ. ಕಾಲಿಗೆ ಬೀಳಬೇಕು ಅನ್ನಿಸಿತು, ವಯಸ್ಸಿನಲ್ಲೂ ಅವರು ಹಿರಿಯರು. ಬಗ್ಗಿದೆ. ಅವರು ಸ್ಟೂಲು ಹಿಂದಕ್ಕೆ ತಳ್ಳಿ ಎದ್ದುಬಿಟ್ಟರು.

"ಅದೆಲ್ಲ ಬ್ಯಾಡ್ರೀ. ನ್ಯಾಮತಿಯೋರಿಗೆ ಒಂದು ಮಾತು ಹೇಳ್ರಿ, ಸಾಕು. ಅವ್ರನ್ನ ನೋಡಿ ಉಳಿದೋರೂ ಬರೋದು ಬಿಟ್ರು. ಮಿಕ್ಸಿ ಮಾಡಾಕೆ ನಾನೇ ಬೇಕಾ?"

ಅಲ್ಲಿಂದಲೇ ನ್ಯಾಮತಿ ಬಸ್ಸು ಹತ್ತಿದೆ. ಶಾಮಿಯಾನದವರು ಗೋದಾಮಿನಲ್ಲಿ ಕುರ್ಚಿ ತೊಳೆಸುತ್ತಿದ್ದರು. ತಪ್ಪು ನನ್ನದು, ಪಿನ್ನಿಗೆ ಬಣ್ಣ ಹಚ್ಚಿದ್ದು ನಾನು, ಹೊನ್ನಾಳಿಯವರು ಸ್ಪ್ರಿಂಗ್ ಪೆಟ್ಟಿಗೆಯ ಒಂದು ಸ್ಕ್ರೂ ಕೂಡ ಮುಟ್ಟಿಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಎಲ್ಲ ಕೇಳಿ ಅವರು ನನ್ನ ಭುಜದ ಮೇಲೆ ಕೈಯಿಟ್ಟರು.

"ಹೊನ್ನಾಳಿಯೋನು ಬಂದು ಕೈಕಾಲು ಹಿಡ್ಕಂಡ್ನೇನ್ರಿ?"

"ಇಲ್ಲ ಮಾರಾಯ್ರೆ, ನಾನೇ ಹೋಗಿದ್ದೆ. ತಪ್ಪು ನನ್ನದೇ."

"ನೀವು ಮೇಷ್ಟ್ರು, ದೊಡ್ಡ ಮನಸು. ಅದಕ್ಕೆ ಹಿಂಗಂತೀರಿ. ಆದ್ರೆ ನೀವು ಅವತ್ತು ಹೇಳಿದ್ದು ಒಳ್ಳೇದೇ ಆತು ಬಿಡ್ರಿ. ಮನೆಗೆ ಹೋಗಿ ಸೆಟ್ಟೆಲ್ಲ ಬಿಚ್ಚಿ ನೋಡಿದೆ. ಒಂದ್ರಾಗೆ ಟ್ರಾನ್ಸ್‌ಫಾರ್ಮರು ಯಾಕೋ ಸಣ್ಣದು ಕಾಣ್ತು."

"ಮೊದಲು ಎಷ್ಟು ದೊಡ್ಡದಿತ್ತು? ಗುರುತು ಇಟ್ಟಿದ್ರಾ?"

"ಇಟ್ಟಿರ್ಲಿಲ್ಲ. ಇಪ್ಪತ್ತು ವರ್ಷ ಒಂದಿನಾನೂ ಬಿಚ್ಚಿ ನೋಡಿರ್ಲಿಲ್ಲ, ಅಷ್ಟು ನಂಬಿದ್ದೆ" ಎಂದರು. ಅವರ ಮುಖದಲ್ಲಿ ನಿಜವಾದ ನೋವಿತ್ತು. ಮೋಸ ಹೋದವನ ನೋವು. ಅದು ಯಾವ ಮೋಸದಿಂದಲೂ ಬಂದದ್ದಲ್ಲ, ನನ್ನ ಒಂದು ಮಾತಿನಿಂದ ಬಂದದ್ದು. ಮತ್ತೆ ಮತ್ತೆ ಹೇಳಿದೆ. ಹೇಳಿದಷ್ಟೂ ಅವರ ಕಣ್ಣು ಸಣ್ಣಗಾಗುತ್ತ ಹೋಯಿತು. ಈ ಮೇಷ್ಟ್ರು ಯಾಕೆ ಇಷ್ಟು ಒದ್ದಾಡುತ್ತಿದ್ದಾರೆ ಎಂದು ಈಗ ನನ್ನನ್ನೇ ಅಳೆಯುತ್ತಿದ್ದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತು ವರ್ಷ ಅದನ್ನು ಬೇರೆಯವರ ಮೇಲೆ ಬೀರಿದ್ದೇನೆ.

ಆಗಲಿಲ್ಲ ಎಂದು ಹೊನ್ನಾಳಿಗೆ ಫೋನು ಮಾಡಿ ತಿಳಿಸಿದೆ. "ಗೊತ್ತಿತ್ತು ಬಿಡ್ರಿ" ಎಂದರು.

ಮೊನ್ನೆ ಆಂಪ್ಲಿಫೈಯರಿನ ಗಿಟಾರು ಸಿಕ್ಕಿಸುವ ತೂತು ಸಡಿಲವಾಯಿತು. ನಂಬಿಕೆ ತೋರಿಸಲು ಒಂದು ನೆಪ ಸಿಕ್ಕಿತಲ್ಲ ಎಂದು ಮನಸ್ಸಿಗೆ ಸ್ವಲ್ಪ ಹಗುರವೇ ಆಯಿತು ಎನ್ನಬೇಕು. ನೇರ ಹೊನ್ನಾಳಿಗೆ ಒಯ್ದು ಅವರ ಮೇಜಿನ ಮೇಲಿಟ್ಟು, "ನಾನು ಹೋಗಿ ಬರ್ತೀನಿ ಯಜಮಾನ್ರೆ. ಆರಾಮಾಗಿ ಮಾಡಿಡಿ, ಮುಂದಿನ ವಾರ ಬರ್ತೀನಿ" ಎಂದೆ.

"ಎಲ್ಲಿಗೆ ಹೊಂಟ್ರಿ? ಕೂತ್ಕಳ್ರಿ" ಎಂದರು.

"ನನಗೆ ನಿಮ್ಮ ಮೇಲೆ ಪೂರ್ತಿ ನಂಬಿಕೆ ಇದೆ."

"ಇರಬೋದ್ರೀ. ಈಗ ಯಾರು ತಂದ್ರೂ ಅವ್ರನ್ನ ಎದುರಿಗೆ ಕೂರಿಸ್ಕಂಡೇ ಬಿಚ್ಚೋದು ನಾನು. ಕೂರಾಕೆ ಆಗಲ್ಲ ಅಂದ್ರೆ ವಾಪಸ್ ತಗಂಡು ಹೋಗ್ರಿ."

ಕೂತೆ. ಅವರು ಹಿಂದಿನ ಹಲಗೆಯ ಮೊದಲ ಸ್ಕ್ರೂ ಬಿಚ್ಚಿ, ಎರಡು ಬೆರಳಲ್ಲಿ ಹಿಡಿದು ನನ್ನ ಕಣ್ಣೆದುರಿಗೆ ತಂದರು. ನಾನು ನೋಡಿ ತಲೆಯಾಡಿಸುವವರೆಗೂ ಕೈ ಕೆಳಗಿಳಿಸಲಿಲ್ಲ. ಆಮೇಲೆ ಅದನ್ನು ತಟ್ಟೆಗೆ ಹಾಕಿ ಎರಡನೆಯದಕ್ಕೆ ಕೈ ಹಚ್ಚಿದರು. ಆ ಹಲಗೆಗೆ ಹದಿನಾಲ್ಕು ಸ್ಕ್ರೂ. ಹದಿನಾಲ್ಕು ಸಲವೂ ತಲೆಯಾಡಿಸಿದೆ.